ವಿಲ್ಹೆಲ್ಮ್ ಲೆವಿಸನ್ ಮತ್ತು ಮಧ್ಯಯುಗದ ಲ್ಯಾಟಿನ್ ಸಂತಚರಿತೆಗಳ ಸಂಪಾದನೆ

1

ನಮ್ಮ ಕಾಲೇಜುಗಳಲ್ಲಿ ಮಧ್ಯಯುಗದ ಯೂರೋಪಿನ ಚರಿತ್ರೆಯನ್ನು ಬೋಧಿಸುವಾಗ ತೂರ್ ನಗರದ ಬಿಷಪ್ ಗ್ರೆಗರಿಯ ಹೆಸರೂ ಜರ್ಮನರಿಗೆ ಕ್ರೈಸ್ತಮತವನ್ನು ಬೋಧಿಸಿದ ಬಾನಿಫೇಸನ ಹೆಸರೂ ಬಂದೇ ಬರುತ್ತವೆ. ಫ್ರಾಂಕ್ ಅರಸರ ಒಳಜಗಳಗಳನ್ನು ಗ್ರೆಗರಿ ವರ್ಣಿಸಿದ್ದಾನೆಂದು ಹೇಳುತ್ತೇವೆ. ಬಾನಿಫೇಸನು ಗೈಸ್ಮಾರಿನಲ್ಲಿ ಜನರು ಪೂಜಿಸುತ್ತಿದ್ದ ಓಕ್ ವೃಕ್ಷವನ್ನು ಕಡಿದನೆಂದು ಹೇಳುತ್ತೇವೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಆದರೆ ಈ ಸಂಗತಿಗಳನ್ನು ಹೇಳುವ ಲ್ಯಾಟಿನ್ ಗ್ರಂಥಗಳು ಮೂಲದಲ್ಲಿ ಹೇಗಿದ್ದವು, ಅವುಗಳಲ್ಲಿ ಯಾವ ಮಾತು ಮೂಲಕರ್ತೃವಿನದು, ಯಾವುದು ಮುನ್ನೂರು ವರ್ಷಗಳ ತರುವಾಯ ಯಾವನೋ ಲಿಪಿಕಾರನು ಸೇರಿಸಿದುದು, ಇದನ್ನು ನಿರ್ಣಯಿಸಿದವರು ಯಾರು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ. ಗ್ರಂಥಕರ್ತನ ಹೆಸರು ನಮ್ಮ ನೆನಪಿನಲ್ಲಿ ಉಳಿಯುತ್ತದೆ. ಸಂಪಾದಕನ ಹೆಸರು ಮುಖಪುಟದ ಕೆಳಗಿನ ಸಾಲಿನಲ್ಲಿಯೇ ಉಳಿದುಹೋಗುತ್ತದೆ.

ಪ್ರಕೃತ ಲೇಖನದಲ್ಲಿ ಅಂಥ ಒಬ್ಬ ಸಂಪಾದಕರ ಜೀವನ ಮತ್ತು ಕಾರ್ಯಗಳನ್ನು ಪರಿಶೀಲಿಸಬೇಕೆಂದಿದ್ದೇವೆ. ಅವರು ವಿಲ್ಹೆಲ್ಮ್ ಲೆವಿಸನ್ (1876-1947). ಬಾನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದು, ಮೆರೋವಿಂಜಿಯನ್ ಮತ್ತು ಕೆರೊಲಿಂಜಿಯನ್ ಕಾಲದ ಲ್ಯಾಟಿನ್ ಸಂತಚರಿತೆಗಳ ಸಂಪಾದನೆಗೆ ಬಾಳನ್ನು ಮುಡಿಪಾಗಿಟ್ಟವರು. ಯೆಹೂದ್ಯ ಕುಲದಲ್ಲಿ ಜನಿಸಿದವರಾದುದರಿಂದ ಅರವತ್ತು ವರ್ಷ ತುಂಬುವ ಮೊದಲೇ ಪೀಠವನ್ನು ಕಳೆದುಕೊಂಡು, ಅರವತ್ತಮೂರನೆಯ ವಯಸ್ಸಿನ ಸುಮಾರಿಗೆ ದೇಶವನ್ನೇ ಬಿಡಬೇಕಾಗಿ ಬಂದವರು. ಅವರ ಶಾಸ್ತ್ರಕಾರ್ಯವನ್ನೂ ಅವರ ಪಾಡನ್ನೂ ಸಾಮಾನ್ಯವಾಗಿ ಬೇರೆ ಬೇರೆಯಾಗಿ ಹೇಳಲಾಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಲ್ಲದೆ ಒಂದರ ಅರ್ಥವೂ ಪೂರ್ಣವಾಗದೆಂಬುದು ನಮ್ಮ ಅಭಿಪ್ರಾಯ.

2

ಲೆವಿಸನ್ನರ ಕಾರ್ಯವನ್ನು ತಿಳಿಯುವುದಕ್ಕೆ ಮೊದಲು ಅವರು ದುಡಿದ ಸಂಸ್ಥೆಯ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ನೆಪೋಲಿಯನ್ನನ ಪತನದ ತರುವಾಯ, 1819ರಲ್ಲಿ, ಪ್ರಷ್ಯದ ಹಿಂದಿನ ಮಂತ್ರಿ ಫ್ರೈಹೆರ್ ಫೊಮ್ ಸ್ಟೈನ್ ಎಂಬವನು ಫ್ರಾಂಕ್‌ಫರ್ಟಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದನು. ಜರ್ಮನರ ಮಧ್ಯಯುಗದ ಚರಿತ್ರೆಗೆ ಆಧಾರವಾದ ಗ್ರಂಥಗಳನ್ನೆಲ್ಲ ಶೋಧಿಸಿ, ಪರಿಷ್ಕರಿಸಿ, ಅಚ್ಚುಹಾಕಿಸುವುದು ಅದರ ಉದ್ದೇಶ. ಅದರ ಗ್ರಂಥಮಾಲೆಗೆ 'ಮೊನುಮೆಂಟಾ ಗೆರ್ಮಾನಿಯೇ ಹಿಸ್ಟೋರಿಕಾ' ಎಂದು ಹೆಸರಾಯಿತು. ಗೆಯೋರ್ಗ್ ಹೈನ್ರಿಷ್ ಪೆರ್ಟ್ಸನ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ 1826ರಲ್ಲಿ ಹೊರಬಂದಿತು. ಇತಿಹಾಸಕಾರರು, ಶಾಸನವಿಧಿಗಳು, ರಾಜಪತ್ರಗಳು, ಓಲೆಗಳು, ಇತರ ಪ್ರಾಚೀನ ಸಾಮಗ್ರಿ ಎಂದು ಐದು ವಿಭಾಗಗಳು ಏರ್ಪಟ್ಟವು. ಸಂಪುಟಗಳ ಮೊದಲಲ್ಲಿ ಓಕ್ ಎಲೆಗಳ ಮಾಲೆಯ ನಡುವೆ ಒಂದು ಲ್ಯಾಟಿನ್ ಧ್ಯೇಯವಾಕ್ಯವನ್ನು ಮುದ್ರಿಸುತ್ತಿದ್ದರು. ಪವಿತ್ರವಾದ ದೇಶಪ್ರೇಮವೇ ಕಾರ್ಯಕ್ಕೆ ಚೈತನ್ಯವನ್ನು ಕೊಡುತ್ತದೆಂದು ಅದರ ಅರ್ಥ. ಈ ವಾಕ್ಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಅದರ ಪ್ರಸ್ತಾಪ ಮತ್ತೆ ಬರುತ್ತದೆ.

ದೇಶಪ್ರೇಮದಿಂದ ಆರಂಭವಾದ ಈ ಕಾರ್ಯ ಶೀಘ್ರದಲ್ಲಿಯೇ ಕಠಿಣವಾದ ಒಂದು ಶಾಸ್ತ್ರವಾಗಿ ಬೆಳೆಯಿತು. ಒಂದು ಗ್ರಂಥಕ್ಕೆ ನಲವತ್ತು ಹಸ್ತಪ್ರತಿಗಳು ದೊರೆತಿವೆಯೆಂದು ಭಾವಿಸೋಣ. ಒಂದು ಪಾಠವನ್ನು ಮೂವತ್ತು ಪ್ರತಿಗಳು ಹೇಳುತ್ತವೆ, ಬೇರೊಂದನ್ನು ಹತ್ತು ಪ್ರತಿಗಳು ಹೇಳುತ್ತವೆ ಎಂಬ ಮಾತ್ರಕ್ಕೆ ಮೂವತ್ತರ ಮಾತು ಸತ್ಯವಾಗಲಾರದು. ಆ ಮೂವತ್ತೂ ಒಂದೇ ಮಾತೃಕೆಯಿಂದ ಇಳಿದುಬಂದವಾದರೆ ಅವುಗಳ ಸಾಕ್ಷ್ಯ ಒಂದೇ ಸಾಕ್ಷ್ಯ. ಒಂದೇ ತಪ್ಪನ್ನು ಹಂಚಿಕೊಂಡಿರುವ ಪ್ರತಿಗಳನ್ನು ಗುಂಪುಗೂಡಿಸಿ, ಪ್ರತಿಗಳ ವಂಶವೃಕ್ಷವನ್ನು ಬರೆದು, ಅದರ ಬುಡದತ್ತ ಸಾಗುವುದು ಸಂಪಾದಕನ ಕೆಲಸ. ಸ್ವೀಕರಿಸದ ಪಾಠಾಂತರಗಳನ್ನು ಅವನು ಎಸೆಯುವಂತಿಲ್ಲ. ಅಡಿಯಲ್ಲಿ ಅಚ್ಚುಹಾಕಿ, ತನ್ನ ತೀರ್ಪನ್ನು ಓದುಗನು ಮತ್ತೆ ವಿಚಾರಿಸುವುದಕ್ಕೆ ಅವಕಾಶವನ್ನು ಕೊಡಬೇಕು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು (1964) ಓದಿದವರಿಗೆ ಈ ಕ್ರಮ ಅಪರಿಚಿತವಲ್ಲ. ಜರ್ಮನ್ ಮಾಲೆಯಲ್ಲಿ ಇನ್ನೊಂದು ಪದ್ಧತಿಯೂ ಉಂಟು. ಮಧ್ಯಯುಗದ ಲೇಖಕನು ಹಿಂದಿನ ಗ್ರಂಥದಿಂದ ಎತ್ತಿಕೊಂಡ ಮಾತುಗಳನ್ನು ಸಣ್ಣ ಅಕ್ಷರಗಳಲ್ಲಿಯೂ ಅವನ ಸ್ವಂತ ಮಾತುಗಳನ್ನು ದೊಡ್ಡ ಅಕ್ಷರಗಳಲ್ಲಿಯೂ ಮುದ್ರಿಸುವುದು. ಹೀಗೆ ಮುದ್ರಿಸಿದ ಪುಟವನ್ನು ಕಂಡೊಡನೆಯೇ ಯಾವ ಸಂಗತಿಗೆ ಆ ಲೇಖಕನು ನಿಜವಾದ ಸಾಕ್ಷಿ, ಯಾವುದಕ್ಕೆ ಅಲ್ಲ ಎಂಬುದು ತಿಳಿಯುತ್ತದೆ.

3

ಲೆವಿಸನ್ 1876ರ ಮೇ 27ರಂದು ರೈನ್ ನದೀತೀರದ ಡ್ಯುಸ್ಸೆಲ್‌ಡಾರ್ಫಿನಲ್ಲಿ ಜನಿಸಿದರು. ಬಾನ್ ಮತ್ತು ಬರ್ಲಿನ್ನುಗಳಲ್ಲಿ ವ್ಯಾಸಂಗ ಮಾಡಿದರು. 1898ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ತಂದುಕೊಟ್ಟ ಪ್ರಬಂಧದ ವಿಷಯ ಮಧ್ಯಯುಗವಲ್ಲ. ಪ್ರಾಚೀನ ಕಾಲದಲ್ಲಿ ಜನನ ಮೊದಲಾದವುಗಳನ್ನು ದಾಖಲೆಮಾಡುತ್ತಿದ್ದ ವಿಧಾನ. ದಾಖಲೆ ಹೇಗೆ ಹುಟ್ಟುತ್ತದೆ, ಅದಕ್ಕೆ ಪ್ರಾಮಾಣ್ಯ ಎಲ್ಲಿಂದ ಬರುತ್ತದೆ ಎಂಬ ಕುತೂಹಲ ಅವರಲ್ಲಿ ಮೊದಲಿನಿಂದಲೇ ಇದ್ದಿತೆಂದು ಇದರಿಂದ ಊಹಿಸಬಹುದು. 1899ರಲ್ಲಿ ಅವರು ಮೊನುಮೆಂಟಾ ಸಂಸ್ಥೆಯ ಸಹಾಯಕರಾಗಿ ಸೇರಿದರು. 1903ರಲ್ಲಿ ಬಾನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನದ ಅರ್ಹತೆಯನ್ನು ಪಡೆದರು; 1920ರಲ್ಲಿ ಅಲ್ಲಿಯೇ ಪೂರ್ಣ ಪ್ರಾಧ್ಯಾಪಕರಾದರು.

ಸಂಸ್ಥೆಯಲ್ಲಿ ಅವರಿಗೆ ಒಪ್ಪಿಸಿದ ಕೆಲಸ ಬ್ರೂನೋ ಕ್ರುಷ್ (1857-1940) ಎಂಬ ಹಿರಿಯ ವಿದ್ವಾಂಸರೊಡನೆ ಮೆರೋವಿಂಜಿಯನ್ ಕಾಲದ ಸಂತಚರಿತೆಗಳನ್ನು ಸಂಪಾದಿಸುವುದು. ಆ ಮಾಲೆಯ ಐದನೆಯ ಸಂಪುಟ 1910ರಲ್ಲಿಯೂ ಆರನೆಯದು 1913ರಲ್ಲಿಯೂ ಏಳನೆಯದು ಮೊದಲನೆಯ ಮಹಾಯುದ್ಧ ಮುಗಿದ ಮೇಲೆ 1920ರಲ್ಲಿಯೂ ಇಬ್ಬರ ಹೆಸರಿನಲ್ಲಿ ಪ್ರಕಟವಾದವು. ಏಳನೆಯ ಸಂಪುಟದ ಕೊನೆಗೆ ಲೆವಿಸನ್ ಯೂರೋಪಿನ ಗ್ರಂಥಭಂಡಾರಗಳಲ್ಲಿರುವ ಸಂತಚರಿತೆಗಳ ಹಸ್ತಪ್ರತಿಗಳ ವಿಸ್ತಾರವಾದ ವಿವರಪಟ್ಟಿಯನ್ನು ಸೇರಿಸಿದರು. ಓದುವುದಕ್ಕೆ ರುಚಿಯಿಲ್ಲದ, ಆದರೆ ಮುಂದಿನ ಸಂಶೋಧಕರು ಬಿಟ್ಟಿರಲಾರದ ಬರೆಹ ಅದು.

ಸಂತಚರಿತೆಯೆಂಬುದು ಇತಿಹಾಸಕಾರನಿಗೆ ತೊಡಕಿನ ಆಧಾರ. ಅದು ಹುಟ್ಟುವುದು ಮಠದಲ್ಲಿ. ಅದನ್ನು ಓದುವುದು ಸಂತನ ಹಬ್ಬದ ದಿನ. ಮಠದ ಕೀರ್ತಿ, ಅದರ ಭೂಮಿಕಾಣಿಗಳ ಹಕ್ಕು, ನೆರೆಯ ಮಠದೊಡನೆ ಸ್ಪರ್ಧೆ ಇವೆಲ್ಲ ಅದರಲ್ಲಿ ಬೆರೆತಿರುತ್ತವೆ. ಪ್ರತಿಯೊಂದು ಪೀಳಿಗೆಯೂ ಹಳೆಯ ಚರಿತೆಯನ್ನು ತಿದ್ದಿ, ಪವಾಡಗಳನ್ನು ಸೇರಿಸಿ, ತನ್ನ ಕಾಲದ ಅಭಿರುಚಿಗೆ ಒಪ್ಪುವಂತೆ ಮತ್ತೆ ಬರೆಯುತ್ತದೆ. ಕ್ರುಷ್ ಮಹಾಮೇಧಾವಿಗಳು, ಆದರೆ ಅವರ ಸಂಶಯಬುದ್ಧಿ ಬಲು ತೀಕ್ಷ್ಣ. ಸಮಕಾಲೀನನು ಬರೆದನೆಂದು ಹೇಳಿಕೊಳ್ಳುವ ಅನೇಕ ಚರಿತೆಗಳನ್ನು ಅವರು ನೂರಾರು ವರ್ಷಗಳ ತರುವಾಯದ ಕೃತಕ ರಚನೆಗಳೆಂದು ತಳ್ಳಿಹಾಕಿದರು. ಪ್ಯಾರಿಸಿನ ಸಂತ ಜೆನೆವೀವಳ ಚರಿತೆಯ ವಿಷಯದಲ್ಲಿ ಫ್ರೆಂಚ್ ವಿದ್ವಾಂಸ ಲೂಯಿ ದುಶೇನರೊಡನೆ ಅವರಿಗಾದ ವಾದ ಪ್ರಸಿದ್ಧವಾದುದು. ಲೆವಿಸನ್ನರು ಕ್ರುಷ್‌ರ ಶಿಸ್ತನ್ನು ಕಲಿತರು. ಅವರ ಆತುರವನ್ನು ಕಲಿಯಲಿಲ್ಲ.

ಇದಕ್ಕೆ ಆಕ್ಸೇರ್ ನಗರದ ಬಿಷಪ್ ಜರ್ಮೇನಸನ ಚರಿತೆ ಒಳ್ಳೆಯ ನಿದರ್ಶನ. ಇದನ್ನು ಲಿಯಾನಿನ ಕಾನ್‌ಸ್ಟಾಂಟಿಯಸ್ ಎಂಬವನು ಕ್ರಿ. ಶ. 480ರ ಸುಮಾರಿನಲ್ಲಿ ಬರೆದನು. ರೋಮನ್ ಆಳಿಕೆ ಅಳಿದ ಮೇಲಿನ ಬ್ರಿಟನ್ನಿನ ಸ್ಥಿತಿಯನ್ನು ತಿಳಿಸುವ ಕೆಲವೇ ಗ್ರಂಥಗಳಲ್ಲಿ ಇದೊಂದಾದುದರಿಂದ ಇದರ ಬೆಲೆ ಹೆಚ್ಚಿನದು. ಆದರೆ ಬಹುಕಾಲ ಬಳಕೆಯಲ್ಲಿದ್ದುದು ಹಿಗ್ಗಿಸಿದ ಪಾಠ. ಅದರಲ್ಲಿ ಹೊಂದಿಕೆಯಿಲ್ಲದ ಸಂಗತಿಗಳು ಬಹಳ. ಇದನ್ನು ನೋಡಿ ಗ್ರಂಥವೇ ಕೃತಕವೆಂದು ಹೇಳಿಬಿಡುವುದು ಸುಲಭವಾಗಿದ್ದಿತು. 1904ರಲ್ಲಿ ಪ್ರಕಟಿಸಿದ ದೀರ್ಘವಾದ ಲೇಖನದಲ್ಲಿ ಲೆವಿಸನ್ ಹಸ್ತಪ್ರತಿಗಳನ್ನು ವಿಂಗಡಿಸಿ, ಸಂಕ್ಷಿಪ್ತವಾದ ಪಾಠವೇ ಕಾನ್‌ಸ್ಟಾಂಟಿಯಸನದೆಂದೂ ಉಳಿದುದು ಪ್ರಕ್ಷಿಪ್ತವೆಂದೂ ತೋರಿಸಿದರು. ಪ್ರಕ್ಷಿಪ್ತವನ್ನು ತೆಗೆದೊಡನೆ ದೋಷಗಳಲ್ಲಿ ಬಹುಭಾಗ ತಾನಾಗಿಯೇ ಮರೆಯಾಯಿತು. 429ರಲ್ಲಿ ಜರ್ಮೇನಸನು ಬ್ರಿಟನ್ನಿಗೆ ಹೋದುದನ್ನು ಅವನ ಸಮಕಾಲೀನನಾದ ಪ್ರಾಸ್ಪರನ ಕಾಲಾನುಕ್ರಮಣಿಯೂ ಸ್ವತಂತ್ರವಾಗಿ ಹೇಳುತ್ತದೆ. ಹೀಗೆ ಒಬ್ಬ ಸಾಕ್ಷಿಯ ಮೇಲೆ ಬಂದಿದ್ದ ಆರೋಪ ನಿಜವಾಗಿ ಅವನ ಮಾತನ್ನು ತಿದ್ದಿದವರ ಮೇಲೆ ಹೋಗತಕ್ಕದ್ದೆಂದು ಸ್ಥಾಪಿತವಾಯಿತು.

1905ರಲ್ಲಿ ಹೊರಬಂದ ಬಾನಿಫೇಸನ ಚರಿತೆಗಳ ಸಂಪುಟವೂ ಇದೇ ರೀತಿಯದು. 754ರಲ್ಲಿ ಫ್ರೀಸಿಯದಲ್ಲಿ ಹತನಾದ ಈ ಸಂತನ ಮೊದಲ ಚರಿತೆಯನ್ನು ವಿಲಿಬಾಲ್ಡನೆಂಬ ಪುರೋಹಿತನು ಅವನು ಸತ್ತ ಕೆಲವೇ ವರ್ಷಗಳಲ್ಲಿ ಬರೆದನು. ಹನ್ನೊಂದನೆಯ ಶತಮಾನದಲ್ಲಿ ಆಟ್ಲೋ ಎಂಬ ಸಂನ್ಯಾಸಿ ಫುಲ್ಡ ಮಠಕ್ಕಾಗಿ ಹೊಸದೊಂದನ್ನು ಬರೆದನು. ಇವೆರಡರ ನಡುವೆ ಇತರ ಚರಿತೆಗಳು ಹುಟ್ಟಿದವು. ಇವನ್ನೆಲ್ಲ ಲೆವಿಸನ್ ಒಂದೇ ಸಂಪುಟದಲ್ಲಿ ಕಾಲಾನುಕ್ರಮವಾಗಿ ಜೋಡಿಸಿದರು. ಈ ಸಂಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಮುನ್ನೂರು ವರ್ಷಗಳ ಅವಧಿಯಲ್ಲಿ ಒಬ್ಬ ಮನುಷ್ಯನ ನೆನಪು ಹೇಗೆ ಬೆಳೆಯಿತೆಂಬುದು ಕಣ್ಣಿಗೆ ಕಟ್ಟಿದಂತಾಗುತ್ತದೆ.

4

ಪಾಠಶೋಧನೆಯ ಈ ಅನುಭವವೇ ಲೆವಿಸನ್ನರ ಇತರ ಪ್ರಬಂಧಗಳಿಗೂ ತಳಹದಿ. ಅವರ ತವರುನಾಡಾದ ರೈನ್ ಪ್ರಾಂತದ ಐತಿಹ್ಯಗಳನ್ನು ಅವರು ಪರಿಶೀಲಿಸಿದ ಕ್ರಮವನ್ನು ಎರಡು ಉದಾಹರಣೆಗಳಿಂದ ತೋರಿಸಬಹುದು.

ಕೊಲೋನ್ ನಗರದಲ್ಲಿ ಸಂತ ಉರ್ಸುಲೆಯೂ ಅವಳೊಡನೆ ಹನ್ನೊಂದು ಸಾವಿರ ಕನ್ಯೆಯರೂ ಹೂಣರಿಂದ ಹತರಾದರೆಂಬ ಕಥೆ ಮಧ್ಯಯುಗದಲ್ಲಿ ಎಲ್ಲೆಡೆಯೂ ಹರಡಿದ್ದಿತು. 1927ರಲ್ಲಿ ಲೆವಿಸನ್ ಈ ಕಥೆಯ ಬೆಳವಣಿಗೆಯ ಮೇಲೆ ಒಂದು ಪ್ರಬಂಧವನ್ನು ಪ್ರಕಟಿಸಿದರು. ಇದಕ್ಕಿರುವ ಅತಿ ಪ್ರಾಚೀನ ಆಧಾರ ಆ ನಗರದ ಉರ್ಸುಲಾ ದೇವಾಲಯದ ಒಂದು ಶಿಲಾಶಾಸನ. ಕ್ಲೆಮಾಟಿಯಸ್ ಎಂಬವನು ಕನ್ಯೆಯರು ರಕ್ತ ಸುರಿಸಿದ ಸ್ಥಳದಲ್ಲಿ ದೇವಾಲಯವನ್ನು ಮತ್ತೆ ಕಟ್ಟಿಸಿದನೆಂದು ಅದು ಹೇಳುತ್ತದೆ. ಅದರಲ್ಲಿ ಹೆಸರಿಲ್ಲ, ಸಂಖ್ಯೆಯಿಲ್ಲ, ಹೂಣರೂ ಇಲ್ಲ. ತರುವಾಯ ಹೆಸರುಗಳು ಬಂದವು; ಹನ್ನೊಂದು ಎಂಬ ಸಂಖ್ಯೆ ಬಂದಿತು; ಅದು ಹನ್ನೊಂದು ಸಾವಿರವಾಯಿತು; ಹತ್ತನೆಯ ಶತಮಾನದಲ್ಲಿ ಕಥೆ ಗ್ರಂಥರೂಪವನ್ನು ತಳೆಯಿತು. 1106ರಲ್ಲಿ ನಗರದ ಕೋಟೆಯನ್ನು ವಿಸ್ತರಿಸುವಾಗ ರೋಮನ್ನರ ಕಾಲದ ಸ್ಮಶಾನವೊಂದು ಬಯಲಾಯಿತು. ದೊರೆತ ಎಲುಬುಗಳನ್ನೆಲ್ಲ ಕನ್ಯೆಯರವೆಂದು ಪೂಜಿಸತೊಡಗಿದರು. ಅವುಗಳಲ್ಲಿ ಗಂಡಸರ ಎಲುಬುಗಳೂ ಇದ್ದುದರಿಂದ ಕಥೆಯೊಳಕ್ಕೆ ಗಂಡಸರೂ ಪ್ರವೇಶಿಸಬೇಕಾಯಿತು.

1930ರ ಪ್ರಬಂಧ ರೈನ್ ಪ್ರಾಂತದ ಬಿಷಪ್ ಪೀಠಗಳ ಹುಟ್ಟಿನ ಐತಿಹ್ಯಗಳನ್ನು ಕುರಿತುದು. ಕೊಲೋನಿನ ಮೊದಲ ಬಿಷಪ್ ಮಾಟೆರ್ನಸನು ಸಂತ ಪೀಟರನ ನೇರವಾದ ಶಿಷ್ಯನೆಂದೂ, ಅವನು ದಾರಿಯಲ್ಲಿ ಸತ್ತಾಗ ಪೀಟರನ ದಂಡದ ಸ್ಪರ್ಶದಿಂದ ಮರಳಿ ಬದುಕಿದನೆಂದೂ ಕಥೆ. ಚಾರಿತ್ರಿಕನಾದ ಮಾಟೆರ್ನಸನು 313ರಲ್ಲಿ ರೋಮಿನಲ್ಲಿಯೂ 314ರಲ್ಲಿ ಆರ್ಲ್ ನಗರದಲ್ಲಿಯೂ ಸೇರಿದ ಧರ್ಮಸಭೆಗಳಲ್ಲಿ ಭಾಗವಹಿಸಿದವನು. ಪೀಠದ ಘನತೆಯನ್ನು ಹೆಚ್ಚಿಸಲು ಅವನನ್ನು ಇನ್ನೂರೈವತ್ತು ವರ್ಷ ಹಿಂದಕ್ಕೆ ಸರಿಸಲಾಯಿತು. ರಾಜವಂಶಗಳಿಗೂ ಪೀಠಗಳಿಗೂ ಪ್ರಾಚೀನತೆಯನ್ನು ಅಂಟಿಸುವ ಈ ಪ್ರವೃತ್ತಿ ಯಾವುದೋ ಒಂದು ದೇಶಕ್ಕೆ ಸೀಮಿತವಾದುದಲ್ಲವೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ.

ಇಲ್ಲಿ ಗಮನಿಸಬೇಕಾದುದು ಲೆವಿಸನ್ನರ ಮನೋಧರ್ಮ. ಅವರು ಐತಿಹ್ಯವನ್ನು ಅಪಹಾಸ್ಯ ಮಾಡುವುದಿಲ್ಲ. ಒಂದು ಕಥೆ ಸುಳ್ಳೆಂದು ತೋರಿಸಿದೊಡನೆ ಇತಿಹಾಸಕಾರನ ಕೆಲಸ ಮುಗಿಯಿತೆಂದು ಅವರು ಬಗೆಯಲಿಲ್ಲ. ಅದು ಎಂದು, ಎಲ್ಲಿ, ಯಾರ ಪ್ರಯೋಜನಕ್ಕಾಗಿ, ಯಾವ ಹಳೆಯ ಮಾತಿನ ಎಳೆಯಿಂದ ಹುಟ್ಟಿತೆಂಬುದನ್ನೂ ಹೇಳಬೇಕು. 1924ರಲ್ಲಿ ಕಾನ್‌ಸ್ಟಂಟೈನನ ದಾನಪತ್ರವನ್ನು ಕುರಿತು ಬರೆಯುವಾಗಲೂ ಇದೇ ದೃಷ್ಟಿ. ಆ ಪತ್ರ ಕೂಟರಚನೆಯೆಂದು ಲೊರೆಂಜೊ ವಾಲ 1440ರಲ್ಲಿಯೇ ಸಿದ್ಧಪಡಿಸಿದ್ದನು. ಲೆವಿಸನ್ನರು ಅದರ ಹಿಂದಿರುವ ಪೋಪ್ ಸಿಲ್ವೆಸ್ಟರನ ಕಥೆಯ ನಾನಾ ರೂಪಗಳನ್ನು ಹಸ್ತಪ್ರತಿಗಳಿಂದ ಬಿಡಿಸಿ ತೋರಿಸಿದರು. ಸುಳ್ಳಿಗೂ ಒಂದು ಚರಿತ್ರೆಯುಂಟು. ಅದನ್ನು ಬರೆಯುವುದೂ ಇತಿಹಾಸಕಾರನ ಕರ್ತವ್ಯವೇ.

5

1933ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಆ ವರ್ಷದ ಏಪ್ರಿಲ್ 7ರ ಕಾಯಿದೆಯಿಂದ ಯೆಹೂದ್ಯರನ್ನು ಸರ್ಕಾರಿ ಸೇವೆಯಿಂದ ತೆಗೆಯತೊಡಗಿದರು. ಜರ್ಮನಿಯ ವಿಶ್ವವಿದ್ಯಾನಿಲಯಗಳು ಸರ್ಕಾರದವೇ ಆದುದರಿಂದ ಪ್ರಾಧ್ಯಾಪಕರೂ ಅದಕ್ಕೆ ಒಳಪಟ್ಟರು. 1914ರ ಯುದ್ಧಾರಂಭಕ್ಕೆ ಮೊದಲೇ ಸೇವೆಯಲ್ಲಿದ್ದವರಿಗೆ ಮತ್ತು ಆ ಯುದ್ಧದಲ್ಲಿ ಹೋರಾಡಿದವರಿಗೆ ಕೆಲಕಾಲ ವಿನಾಯಿತಿ ಇದ್ದಿತು. ಲೆವಿಸನ್ ಇನ್ನೆರಡು ವರ್ಷ ಪೀಠದಲ್ಲಿ ಉಳಿದರು. 1935ರಲ್ಲಿ ನ್ಯೂರೆಂಬರ್ಗಿನ ಕಾಯಿದೆಗಳು ಬಂದುವು; ವಿನಾಯಿತಿ ಮುಗಿಯಿತು; ಆ ವರ್ಷವೇ ಅವರು ಪೀಠವನ್ನು ಬಿಡಬೇಕಾಯಿತು. ಮೊನುಮೆಂಟಾ ಸಂಸ್ಥೆಯ ಹಳೆಯ ಸ್ವರೂಪವನ್ನೂ ಅದೇ ವರ್ಷ ಬದಲಿಸಿ, ಅದನ್ನು ಪ್ರಭುತ್ವದ ಅಧೀನವಾದ ಸಂಸ್ಥೆಯನ್ನಾಗಿ ಮಾಡಲಾಯಿತು.

ಸಂಪುಟಗಳ ಮೊದಲಲ್ಲಿದ್ದ ಆ ಧ್ಯೇಯವಾಕ್ಯವನ್ನು ಇಲ್ಲಿ ನೆನೆಯಬೇಕು. ಸುಮಾರು ಮೂವತ್ತೈದು ವರ್ಷ ಕಾಲ ಜರ್ಮನರ ಪೂರ್ವಚರಿತ್ರೆಯ ಆಧಾರಗಳನ್ನು ಅಕ್ಷರ ಅಕ್ಷರವಾಗಿ ಶೋಧಿಸಿದವರು ಲೆವಿಸನ್. ದೇಶವೆಂಬ ಮಾತಿನ ಅರ್ಥವನ್ನು ರಕ್ತದ ಮೇಲೆ ನಿರ್ಣಯಿಸತೊಡಗಿದಾಗ ಈ ಸೇವೆಗೆ ಬೆಲೆಯಿಲ್ಲದೆ ಹೋಯಿತು. ಅವರೊಬ್ಬರೇ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಿಪ್ ಯಾಫೆ, ಅನಂತರ ಹ್ಯಾರಿ ಬ್ರೆಸ್ಲೌ ಮೊದಲಾದ ಯೆಹೂದ್ಯ ಕುಲದ ವಿದ್ವಾಂಸರು ಈ ಸಂಸ್ಥೆಗೆ ಮಾಡಿದ ಕೆಲಸ ಅಪಾರವಾದುದು. ಪೋಪ್ ಒಂದನೆಯ ನಿಕೋಲಸನ ಓಲೆಗಳನ್ನು ಇದೇ ಮಾಲೆಗೆ ಸಂಪಾದಿಸಿಕೊಟ್ಟ ಎರ್ನ್‌ಸ್ಟ್ ಪೆರೆಲ್ಸ್ 1945ರ ಮೇ ತಿಂಗಳಲ್ಲಿ, ಬೂಕನ್‌ವಾಲ್ಡ್ ಸೆರೆಶಿಬಿರ ಬಿಡುಗಡೆಯಾದ ಕೆಲವೇ ವಾರಗಳ ತರುವಾಯ, ಅಲ್ಲಿಯೇ ತೀರಿಕೊಂಡರು. ಬಾನಿನಲ್ಲಿ ಲೆವಿಸನ್ನರ ಸಹೋದ್ಯೋಗಿಯಾಗಿದ್ದ ಗಣಿತಜ್ಞ ಫೆಲಿಕ್ಸ್ ಹೌಸ್‌ಡಾರ್ಫ್, ಶಿಬಿರಕ್ಕೆ ಸಾಗಿಸುವ ಆಜ್ಞೆ ಬಂದಾಗ, 1942ರ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಲೆವಿಸನ್ ಜರ್ಮನಿಯಲ್ಲಿಯೇ ಉಳಿದಿದ್ದರೆ ಏನಾಗುತ್ತಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪೀಠ ಹೋದ 1935ರಲ್ಲಿಯೇ ಆಕ್ಸ್‌ಫರ್ಡಿನಿಂದ ಒಂದು ಗ್ರಂಥ ಪ್ರಕಟವಾಯಿತು. ಇಂಗ್ಲೆಂಡಿನ ಆದ್ಯ ಇತಿಹಾಸಕಾರನಾದ ಬೀಡನು ತೀರಿಕೊಂಡು 1200 ವರ್ಷ ತುಂಬಿದ ನೆನಪಿಗಾಗಿ ಎ. ಹ್ಯಾಮಿಲ್ಟನ್ ಥಾಂಪ್‌ಸನ್ ಸಂಪಾದಿಸಿದ ಲೇಖನಸಂಗ್ರಹ ಅದು. ಬೀಡನನ್ನು ಇತಿಹಾಸಕಾರನೆಂದು ವಿವೇಚಿಸುವ ಅಧ್ಯಾಯವನ್ನು ಬರೆದವರು ಲೆವಿಸನ್. ಬೀಡನು ಸಂಪಾದಕರಿಗೆ ಪ್ರಿಯನಾದುದರಲ್ಲಿ ಆಶ್ಚರ್ಯವಿಲ್ಲ. ತನ್ನ ಚರ್ಚಿನ ಇತಿಹಾಸದ ಮುನ್ನುಡಿಯಲ್ಲಿ ಯಾವ ಪ್ರಾಂತದ ಸಂಗತಿಯನ್ನು ಯಾರಿಂದ ತಿಳಿದೆನೆಂದು ಅವನು ಹೆಸರು ಹೇಳಿ ತಿಳಿಸುತ್ತಾನೆ. ಲೂಕನ ಸುವಾರ್ತೆಯ ಮೇಲಿನ ವ್ಯಾಖ್ಯಾನದಲ್ಲಿ ಹಿಂದಿನ ಆಚಾರ್ಯರಿಂದ ಎತ್ತಿಕೊಂಡ ಮಾತುಗಳಿಗೆ ಅಂಚಿನಲ್ಲಿ ಗುರುತು ಹಾಕಿ, ಆ ಗುರುತುಗಳನ್ನು ಬಿಡದೆ ಬರೆಯಿರೆಂದು ಲಿಪಿಕಾರರನ್ನು ಕೇಳಿಕೊಳ್ಳುತ್ತಾನೆ. ಮೊನುಮೆಂಟಾ ಮಾಲೆಯ ಸಣ್ಣ ಅಕ್ಷರಗಳ ಪದ್ಧತಿಗೆ ಎಂಟನೆಯ ಶತಮಾನದಲ್ಲಿಯೇ ದೊರೆಯುವ ಪೂರ್ವರೂಪವಿದು ಎನ್ನಬಹುದು.

1938ರ ನವೆಂಬರಿನಲ್ಲಿ ಜರ್ಮನಿಯಾದ್ಯಂತ ಯೆಹೂದ್ಯರ ಪ್ರಾರ್ಥನಾಮಂದಿರಗಳನ್ನು ಸುಟ್ಟರು. ಆ ವರ್ಷ ಮುಗಿಯುವುದರೊಳಗೆ ಯೆಹೂದ್ಯ ವಿದ್ವಾಂಸರಿಗೆ ವಿಶ್ವವಿದ್ಯಾನಿಲಯಗಳ ಗ್ರಂಥಭಂಡಾರದ ಬಾಗಿಲೂ ಮುಚ್ಚಿತು. ಹಸ್ತಪ್ರತಿಗಳಿಂದಲೇ ಬದುಕಿದ ವಿದ್ವಾಂಸನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. 1939ರ ವಸಂತಕಾಲದಲ್ಲಿ, ಯುದ್ಧ ಆರಂಭವಾಗುವುದಕ್ಕೆ ಕೆಲವೇ ತಿಂಗಳ ಮೊದಲು, ಲೆವಿಸನ್ ಪತ್ನಿಯೊಡನೆ ಇಂಗ್ಲೆಂಡಿನ ಡರಮ್ ನಗರವನ್ನು ಸೇರಿದರು.

6

ಡರಮ್ ಅವರಿಗೆ ಸಂಪೂರ್ಣವಾಗಿ ಪರಸ್ಥಳವಲ್ಲ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಬರ್ಟ್ರಂ ಕೋಲ್‌ಗ್ರೇವ್ ಇದ್ದರು. ಲೆವಿಸನ್ 1913ರಲ್ಲಿ ಸಂಪಾದಿಸಿದ್ದ ಸಂತ ವಿಲ್ಫ್ರಿಡ್‌ನ ಚರಿತೆಯನ್ನು 1927ರಲ್ಲಿ ಇಂಗ್ಲಿಷ್ ಅನುವಾದದೊಡನೆ ಹೊರತಂದವರು ಅವರೇ. ಅಲ್ಲಿಯ ಕತೀಡ್ರಲಿನಲ್ಲಿ ಬೀಡನ ಸಮಾಧಿಯೂ ಇದೆ. ವಯಸ್ಸಾದ ಕಾಲದಲ್ಲಿ ಬೇರೊಂದು ಭಾಷೆಯಲ್ಲಿ ಬರೆಯುತ್ತ, ಲೆವಿಸನ್ ಕೆಲಸವನ್ನು ಮುಂದುವರಿಸಿದರು. ಬ್ರಿಟನ್ನಿನ ಮೊದಲ ಹುತಾತ್ಮನೆಂದು ಹೇಳುವ ಸಂತ ಆಲ್ಬನನ್ನು ಕುರಿತ ಅವರ ಲೇಖನ 1941ರಲ್ಲಿ ಪ್ರಕಟವಾಯಿತು.

1943ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಅವರನ್ನು ಫೋರ್ಡ್ ಉಪನ್ಯಾಸಗಳನ್ನು ಕೊಡಲು ಆಹ್ವಾನಿಸಿತು. ಇಂಗ್ಲೆಂಡಿನ ಚರಿತ್ರೆಯ ವಿಷಯದಲ್ಲಿ ಇದು ಬಹು ಗೌರವದ ಉಪನ್ಯಾಸಮಾಲೆ. ಎರಡು ದೇಶಗಳೂ ಒಂದರ ನಗರಗಳ ಮೇಲೆ ಇನ್ನೊಂದು ಬಾಂಬುಗಳನ್ನು ಸುರಿಸುತ್ತಿದ್ದ ವರ್ಷ ಅದು. ಲೆವಿಸನ್ ಆರಿಸಿಕೊಂಡ ವಿಷಯ, ಎಂಟನೆಯ ಶತಮಾನದಲ್ಲಿ ಇಂಗ್ಲೆಂಡಿಗೂ ಯೂರೋಪ್ ಖಂಡಕ್ಕೂ ಇದ್ದ ಸಂಬಂಧ.

ಆ ಸಂಬಂಧ ಎಂಥದು? 690ರಲ್ಲಿ ನಾರ್ತಂಬ್ರಿಯದ ವಿಲಿಬ್ರಾರ್ಡನು ಕಡಲನ್ನು ದಾಟಿ ಫ್ರೀಸಿಯಕ್ಕೆ ಬಂದನು. 695ರಲ್ಲಿ ರೋಮಿನಲ್ಲಿ ಬಿಷಪ್ ಪದವಿಯನ್ನು ಪಡೆದನು. ಎಕ್ಟರ್ನಾಕ್ ಮಠವನ್ನು ಸ್ಥಾಪಿಸಿ, 739ರಲ್ಲಿ ತೀರಿಕೊಂಡನು. ವೆಸೆಕ್ಸಿನ ವಿನ್‌ಫ್ರಿತ್ 718ರಲ್ಲಿ ಸ್ವದೇಶವನ್ನು ಬಿಟ್ಟವನು ಮರಳಿ ಹೋಗಲಿಲ್ಲ. ಮರುವರ್ಷ ಪೋಪನು ಅವನಿಗೆ ಬಾನಿಫೇಸ್ ಎಂಬ ಹೆಸರನ್ನಿಟ್ಟನು. ಹೆಸ್ಸೆ, ಥುರಿಂಜಿಯ, ಬವೇರಿಯ ಪ್ರಾಂತಗಳ ಚರ್ಚಿನ ವ್ಯವಸ್ಥೆ ಅವನ ಕೈಯಲ್ಲಿ ರೂಪುಗೊಂಡಿತು. 744ರಲ್ಲಿ ಫುಲ್ಡ ಮಠ ಸ್ಥಾಪಿತವಾಯಿತು. ಅವನ ಓಲೆಗಳಲ್ಲಿ ಮತ್ತೆ ಮತ್ತೆ ಬರುವ ಬೇಡಿಕೆ ಪುಸ್ತಕಗಳದು. ಬೀಡನ ಗ್ರಂಥಗಳನ್ನು ಕಳುಹಿಸಿರೆಂದು ಇಂಗ್ಲೆಂಡಿಗೆ ಬರೆಯುತ್ತಾನೆ. ಪೀಟರನ ಪತ್ರಗಳನ್ನು ಚಿನ್ನದ ಅಕ್ಷರಗಳಲ್ಲಿ ಬರೆದುಕೊಡೆಂದು ಒಬ್ಬ ಸಂನ್ಯಾಸಿನಿಯನ್ನು ಕೋರುತ್ತಾನೆ. ಶತಮಾನದ ಕೊನೆಯಲ್ಲಿ ಯಾರ್ಕಿನ ಆಲ್ಕ್ವಿನನು ಶಾರ್ಲ್‌ಮೇನನ ಆಸ್ಥಾನವನ್ನು ಸೇರಿದನು. ವಿಲಿಬ್ರಾರ್ಡನ ಚರಿತೆಯನ್ನು ಬರೆದವನೂ ಅವನೇ. ಆ ಚರಿತೆಯನ್ನು 1920ರ ಸಂಪುಟದಲ್ಲಿ ಸಂಪಾದಿಸಿದವರು ಲೆವಿಸನ್.

ಈ ಉಪನ್ಯಾಸಗಳಿಗೆ ಬೇಕಾದ ಸಾಮಗ್ರಿಯ ಬಹುಭಾಗವನ್ನು ಲೆವಿಸನ್ನರು ನಲವತ್ತು ವರ್ಷಗಳಿಂದ ತಮ್ಮ ಕೈಯಾರ ಶುದ್ಧಿಮಾಡಿ ಇಟ್ಟಿದ್ದರು. ಜರ್ಮನಿಯ ಚರ್ಚು, ವಿದ್ಯೆ, ಬರೆವಣಿಗೆ ಇವುಗಳಲ್ಲಿ ದೊಡ್ಡ ಪಾಲು ಪರದೇಶದಿಂದ ಬಂದವರ ಕೊಡುಗೆಯೆಂಬುದು ಆ ಆಧಾರಗಳಿಂದ ತಾನಾಗಿಯೇ ಹೊರಡುವ ಸಿದ್ಧಾಂತ. ಶುದ್ಧ ರಕ್ತದ ವಾದಕ್ಕೆ ಇದಕ್ಕಿಂತ ಸಮರ್ಥವಾದ ಉತ್ತರವನ್ನು ಕಲ್ಪಿಸುವುದು ಕಷ್ಟ. ಆದರೆ ಅದನ್ನು ಅವರು ವಾದವಾಗಿ ಮಂಡಿಸದೆ, ತೇದಿ, ಹೆಸರು, ಹಸ್ತಪ್ರತಿಗಳ ಮೂಲಕ ಪ್ರತಿಪಾದಿಸಿದರು. ಬಾನಿಫೇಸನು ಇಂಗ್ಲೆಂಡಿನಿಂದ ಹೊರಟು ರೈನಿನತ್ತ ಬಂದವನು. ಅವನ ಚರಿತೆಯ ಸಂಪಾದಕರು ರೈನಿನಿಂದ ಹೊರಟು ಇಂಗ್ಲೆಂಡಿಗೆ ಹೋದರು. ಸಂತನು ಸ್ವಇಚ್ಛೆಯಿಂದ ದೇಶವನ್ನು ತೊರೆದನು; ಸಂಪಾದಕರನ್ನು ದೇಶವೇ ತೊರೆಯಿತು. ಈ ವ್ಯತ್ಯಾಸವನ್ನು ಮರೆತು ಎರಡು ಪ್ರಯಾಣಗಳನ್ನು ಸಮೀಕರಿಸುವುದು ಉಚಿತವಲ್ಲ.

ಉಪನ್ಯಾಸಗಳು ಅನುಬಂಧಗಳೊಡನೆ 1946ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. 1947ರ ಜನವರಿ 17ರಂದು ಲೆವಿಸನ್ ಡರಮಿನಲ್ಲಿ ನಿಧನರಾದರು. ಕೆಲಸ ಅವರೊಡನೆ ನಿಲ್ಲಲಿಲ್ಲ. ಅವರ ಪ್ರಬಂಧಗಳ ಒಂದು ಸಂಕಲನ 1948ರಲ್ಲಿ ಅವರ ಹುಟ್ಟೂರಾದ ಡ್ಯುಸ್ಸೆಲ್‌ಡಾರ್ಫಿನಿಂದಲೇ ಪ್ರಕಟವಾಯಿತು. ತೂರಿನ ಗ್ರೆಗರಿಯ ಇತಿಹಾಸದ ಹೊಸ ಆವೃತ್ತಿ 1937ರಲ್ಲಿ ಭಾಗಭಾಗವಾಗಿ ಹೊರಡಲಾರಂಭಿಸಿ, 1951ರಲ್ಲಿ ಕ್ರುಷ್ ಮತ್ತು ಲೆವಿಸನ್ನರ ಹೆಸರಿನಲ್ಲಿ ಪೂರ್ಣವಾಯಿತು. ತನ್ನ ಗ್ರಂಥವನ್ನು ಯಾರೂ ಕತ್ತರಿಸಬಾರದು, ತಿದ್ದಬಾರದು ಎಂದು ಗ್ರೆಗರಿ ಕೊನೆಯ ಅಧ್ಯಾಯದಲ್ಲಿ ತನ್ನ ಪೀಠಕ್ಕೆ ಬರುವ ಬಿಷಪ್ಪರನ್ನು ಆಣೆಯಿಟ್ಟು ಬೇಡಿಕೊಂಡಿದ್ದನು. ಆದರೂ ಅವನ ಹತ್ತು ಭಾಗಗಳನ್ನು ಆರಕ್ಕೆ ಇಳಿಸಿದ ಪ್ರತಿಗಳು ಮುಂದಿನ ಶತಮಾನದಲ್ಲಿಯೇ ಹರಡಿದವು. ಆ ಬೇಡಿಕೆಯನ್ನು ನಡೆಸಿಕೊಟ್ಟವರು ಹದಿಮೂರು ಶತಮಾನಗಳ ತರುವಾಯದ ಸಂಪಾದಕರು. ಮಧ್ಯಯುಗದ ಜರ್ಮನಿಯ ಚಾರಿತ್ರಿಕ ಆಧಾರಗಳನ್ನು ಕುರಿತ ವಾಟೆನ್‌ಬಾಕನ ಪ್ರಸಿದ್ಧ ಕೈಪಿಡಿಯನ್ನೂ ಲೆವಿಸನ್ ಹೊಸದಾಗಿ ಬರೆಯತೊಡಗಿದ್ದರು. ಅದರ ಮೊದಲ ಭಾಗ 1952ರಲ್ಲಿ ಅಚ್ಚಾಯಿತು. ಅವರ ಶಿಷ್ಯ ಥಿಯೊಡರ್ ಷೀಫರ್ 1954ರಲ್ಲಿ ಬಾನಿಫೇಸನ ಮೇಲೆ ಬೃಹದ್ಗ್ರಂಥವನ್ನು ಪ್ರಕಟಿಸಿದರು.

7

ಈ ಕಾರ್ಯದಲ್ಲಿ ಕೊರತೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಆ ಪೀಳಿಗೆಯ ಸಂಪಾದಕರು ರಾಜಕೀಯ ಚರಿತ್ರೆಗೆ ಉಪಯುಕ್ತವಾದ ಸಂಗತಿಗಳಿಗೆ ಹೆಚ್ಚಿನ ಪ್ರಾಧಾನ್ಯವನ್ನು ಕೊಟ್ಟರು. ಮಾಲೆಯ ಕೆಲವು ಸಂಪುಟಗಳಲ್ಲಿ ಪವಾಡಗಳ ಭಾಗವನ್ನು ನಿಷ್ಪ್ರಯೋಜಕವೆಂದು ಬಿಟ್ಟುದೂ ಉಂಟು. ಫ್ರಾಂಟಿಷೆಕ್ ಗ್ರೌಸ್ 1965ರಲ್ಲಿ ಮೆರೋವಿಂಜಿಯನ್ ಸಂತಚರಿತೆಗಳ ಮೇಲೆ ಪ್ರಕಟಿಸಿದ ಗ್ರಂಥ ಮತ್ತು ಅನಂತರದ ಸಂಶೋಧನೆಗಳು, ಪವಾಡದ ಕಥೆಯೂ ಜನಜೀವನಕ್ಕೂ ಅವರ ಭಯ-ಭರವಸೆಗಳಿಗೂ ಸಾಕ್ಷಿಯೆಂದು ತೋರಿಸಿವೆ. ಕೃತಕವೆಂದು ಹಿಂದೆ ತಳ್ಳಿಹಾಕಿದ ಕೆಲವು ಚರಿತೆಗಳಿಗೆ ಮತ್ತೆ ಮನ್ನಣೆ ದೊರೆತಿದೆ. ಆದರೆ ಈ ಪುನರ್ವಿಮರ್ಶೆ ಸಾಧ್ಯವಾದುದು ಹೇಗೆ? ಹಿಂದಿನ ಸಂಪಾದಕರು ತಾವು ಒಪ್ಪದ ಪಾಠಗಳನ್ನೂ ಅಡಿಯಲ್ಲಿ ಮುದ್ರಿಸಿ ಉಳಿಸಿದುದರಿಂದ. ತನ್ನ ತೀರ್ಪನ್ನು ಅಲ್ಲಗಳೆಯಲು ಬೇಕಾದ ಸಾಧನವನ್ನು ತಾನೇ ಎದುರಾಳಿಯ ಕೈಗೆ ಕೊಡುವ ಶಾಸ್ತ್ರ ಇದು.

ಮೊನುಮೆಂಟಾ ಸಂಸ್ಥೆ ಯುದ್ಧಾನಂತರ ಮ್ಯೂನಿಕ್ ನಗರದಲ್ಲಿ ನೆಲೆಗೊಂಡು ಇಂದಿಗೂ ಕಾರ್ಯನಿರತವಾಗಿದೆ. ಅದರ ಹಳೆಯ ಸಂಪುಟಗಳನ್ನು ಈಗ ಗಣಕಯಂತ್ರದ ಮೂಲಕ ಯಾರು ಬೇಕಾದರೂ, ನಮ್ಮ ಕಾಲೇಜುಗಳ ಗ್ರಂಥಭಂಡಾರದಲ್ಲಿ ಕುಳಿತೇ, ಬೆಲೆಯಿಲ್ಲದೆ ತೆರೆದು ನೋಡಬಹುದು. ಲ್ಯಾಟಿನ್ ಬಾರದವರಿಗೂ ಪುಟದ ವಿನ್ಯಾಸವೇ ಬಹಳಷ್ಟನ್ನು ಹೇಳುತ್ತದೆ. ಮೇಲೆ ಪಾಠ, ಕೆಳಗೆ ಪಾಠಾಂತರಗಳು, ಎರವಲು ತಂದ ಮಾತಿಗೆ ಸಣ್ಣ ಅಕ್ಷರ. ಅಧ್ಯಾಪಕರು ತರಗತಿಯಲ್ಲಿ ಬಾನಿಫೇಸನನ್ನೋ ಗ್ರೆಗರಿಯನ್ನೋ ಪಾಠಮಾಡುವ ದಿನ ಅಂಥ ಒಂದು ಪುಟವನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಒಳಿತೆಂದು ನಮಗೆ ತೋರುತ್ತದೆ.

1905ರ ಬಾನಿಫೇಸನ ಸಂಪುಟವನ್ನು 1935ರ ಕಾಯಿದೆಯಾಗಲಿ 1938ರ ಬೆಂಕಿಯಾಗಲಿ ಅಳಿಸಲಾಗಲಿಲ್ಲ. ಸಂಪಾದಕರನ್ನು ಹೊರಹಾಕಿದ ದೇಶದ ವಿದ್ಯಾರ್ಥಿಗಳೂ ಆ ದೇಶದ ಕ್ರೈಸ್ತಧರ್ಮದ ಆದಿಯನ್ನು ತಿಳಿಯಬೇಕಾದರೆ ಅದೇ ಪುಟಗಳನ್ನು ತೆರೆಯಬೇಕಾಗಿದ್ದಿತು, ಇಂದಿಗೂ ತೆರೆಯುತ್ತಿದ್ದಾರೆ.